ಟ್ರಂಕು ಯಾರದು?

ಹಳೇಮನೆ ಬಳಗ (ಕುಟುಂಬದ ವಾಟ್ಸಾಪ್ ಗುಂಪು)
ಭಾನುವಾರ

ಚಿಕ್ಕಪ್ಪ, ಬೆಳಿಗ್ಗೆ 8.10
(ಚಿತ್ರ) ಅಟ್ಟದ ಮೂಲೆಯಲ್ಲಿದ್ದ ತಗಡಿನ ಟ್ರಂಕು. ವೀಣಾಳ ಪುಸ್ತಕದ ಡಬ್ಬಗಳು ಮುಂದಿನ ವಾರ ಬೆಂಗಳೂರಿನಿಂದ ಬರುತ್ತವೆ, ಅವಕ್ಕೆ ಜಾಗ ಮಾಡುತ್ತಿದ್ದೇನೆ. ಇದರೊಳಗೆ ಇರುವುದೆಲ್ಲ ಹಳೆಯ ಕಾಮಿಕ್ಸ್, ವಾರಪತ್ರಿಕೆಯಿಂದ ಕತ್ತರಿಸಿ ಹೊಲಿದ ಕಟ್ಟುಗಳು. ತಳಕ್ಕೆ ತೇವ ಹಿಡಿದಿದೆ. ಮಂಗಳವಾರ ಸಾಗರದಿಂದ ಹಳೆ ಪೇಪರಿನವನು ಬರುತ್ತಾನೆ. ಯಾರಿಗಾದರೂ ಬೇಕಿದ್ದರೆ ಇವತ್ತೇ ಹೇಳಿ.

ಗೌರತ್ತೆ, 8.13
ಮುಟ್ಟಬೇಡ.

ಗೌರತ್ತೆ, 8.14
ಅದರಲ್ಲಿ ಅರ್ಧ ನನ್ನದು. ಒಳಪುಟದಲ್ಲಿ ನನ್ನ ಹೆಸರಿದೆ, ತೆಗೆದು ನೋಡು.

ರಘು ಅಣ್ಣ, 8.31
ಚಿಕ್ಕಪ್ಪ, ದಯವಿಟ್ಟು ಪೇಪರಿನವನಿಗೆ ಕೊಡಬೇಡಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ, ಮೇಲಿನ ಸಾಲಿನಲ್ಲಿ ಇರುವುದು ಇಂದ್ರಜಾಲ ಕಾಮಿಕ್ಸ್. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಮಾಲೆ ಅದು. ಅದಕ್ಕಾಗಿ ಹುಡುಕಾಡುವ ಸಂಗ್ರಾಹಕರಿದ್ದಾರೆ. ಒಂದೊಂದನ್ನೂ ಪ್ಲಾಸ್ಟಿಕ್ ಹೊದಿಕೆಗೆ ಹಾಕಿ, ಚಿತ್ರ ತೆಗೆದು, ಸರಿಯಾದ ಬೆಲೆಗೆ ಮಾರಬಹುದು. ಬಂದ ಹಣದಲ್ಲಿ ಮನೆಯ ಹಿಂಬದಿಯ ಮಾಡಿಗೆ ಹೊಸ ಹೆಂಚು ಹಾಕಿಸೋಣ. ನಾನು ನೋಡಿಕೊಳ್ಳುತ್ತೇನೆ.

ದೊಡ್ಡಪ್ಪ, 8.40
ಟ್ರಂಕು ನನ್ನದು. 1971ರಲ್ಲಿ ನಾನು ಶಿವಮೊಗ್ಗದ ಹಾಸ್ಟೆಲಿಗೆ ಹೊರಟಾಗ ಅಪ್ಪ ಕೊಡಿಸಿದ್ದು. ಒಳಗಿನ ಇಂಗ್ಲಿಷ್ ಇಂದ್ರಜಾಲಗಳನ್ನು ಬೀರೂರು ಜಂಕ್ಷನ್ನಿನಲ್ಲಿ ರೈಲು ಬದಲಿಸುವಾಗ ಕಾಫಿ ಕುಡಿಯುವುದನ್ನು ಬಿಟ್ಟು ಕೊಂಡವನು ನಾನು. ಮಾರುವ ಮಾತನ್ನು ಯಾರೂ ಆಡಬೇಡಿ.

ಗೌರತ್ತೆ, 8.42
ಅಣ್ಣ, ಕೊಂಡವನು ನೀನು. ಓದಿದವರು ಯಾರು? ನೀನು ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ಆ ಟ್ರಂಕಿನ ಬೀಗ ತೆಗೆದೇ ಇಲ್ಲ. ವಾರಪತ್ರಿಕೆಯ ಚಿತ್ರಕಥೆಗಳನ್ನು ವಾರವಾರ ಕತ್ತರಿಸಿ ಕಾಪಾಡಿದವಳು ನಾನು. ಅಂಟು ಕಾಸಿ, ಗೋಣಿದಾರದಲ್ಲಿ ಹೊಲಿದು, ಮೇಲೆ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಕಟ್ಟಿಕೊಟ್ಟವರು ಅಪ್ಪ.

ರಘು ಅಣ್ಣ, 8.50
ಅದಕ್ಕೇ ಹೇಳುತ್ತಿರುವುದು, ಯಾರದೆಂದು ಜಗಳ ಆಡುವುದಕ್ಕಿಂತ ಮಾರಿ ಹಂಚಿಕೊಳ್ಳುವುದು ಒಳ್ಳೆಯದು. ವೀಣಾ, ನೀನೇಕೆ ಸುಮ್ಮನಿದ್ದೀಯೆ? ಈ ವಿಷಯದಲ್ಲಿ ನಮ್ಮ ಮನೆಯ ತಜ್ಞೆ ನೀನು.

ನಾನು, 9.25
ಎದ್ದದ್ದೇ ಈಗ. ಶುಕ್ರವಾರ ಹಳೆಯ ಕಚೇರಿಯ ಕೊನೆಯ ದಿನವಾಗಿತ್ತು, ನಿನ್ನೆ ಇಡೀ ದಿನ ಪುಸ್ತಕ ಕಟ್ಟಿದೆ. ಹದಿನೇಳು ಡಬ್ಬ. ಮೈಸೂರಿನಲ್ಲಿ ಹಿಡಿದಿರುವ ಮನೆ ಚಿಕ್ಕದು, ಅದಕ್ಕೇ ಅಮ್ಮನ ಹತ್ತಿರ ಅಟ್ಟದಲ್ಲಿ ಜಾಗ ಕೇಳಿದೆ. ನನ್ನ ಡಬ್ಬಗಳಿಗಾಗಿ ಆ ಟ್ರಂಕು ಹೊರಗೆ ಬರುತ್ತದೆಂದು ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ. ಚಿಕ್ಕಪ್ಪ, ಡಬ್ಬಗಳನ್ನು ಕಳಿಸುವುದಿಲ್ಲ. ಟ್ರಂಕನ್ನು ಅಟ್ಟದಲ್ಲಿಯೇ ಇಡಿ.

ಚಿಕ್ಕಪ್ಪ, 9.28
ಮತ್ತೆ ಅಲ್ಲಿಯೇ ಇಟ್ಟರೆ ಇನ್ನೆರಡು ಮಳೆಗಾಲಕ್ಕೆ ಅದು ಗೊಬ್ಬರವಾಗುತ್ತದೆ. ತಳದಲ್ಲಿ ಗೆದ್ದಲು ಬಿದ್ದಿದೆ. ಪ್ರೀತಿ ಇರುವವರು ಯಾರೂ ಹತ್ತು ವರ್ಷದಿಂದ ಅದನ್ನು ಬಂದು ನೋಡಿಲ್ಲ. ಕಸ ಹೊಡೆಯುವವನು ನಾನು.

ನಾನು, 9.30
ನಿಮ್ಮ ಮಾತು ಸರಿ ಚಿಕ್ಕಪ್ಪ. ತಪ್ಪು ನಮ್ಮದು.

ನಾನು, 9.31
ಅನು, ಮನೆಯಲ್ಲಿದ್ದೀಯಾ? ಎಲ್ಲವನ್ನೂ ಜಗಲಿಯಲ್ಲಿ ಹರಡಿ ಎಣಿಸುತ್ತೀಯಾ? ಬಿಸಿಲಿಗೆ ನೇರವಾಗಿ ಇಡಬೇಡ, ಬಣ್ಣ ಹಾರಿಹೋಗುತ್ತದೆ. ನೆರಳಿನಲ್ಲಿ ಗಾಳಿ ಆಡಿದರೆ ಸಾಕು.

ಅನು, 10.48
ಎಣಿಸಿದೆ ಅಕ್ಕ. ಬಿಡಿ ಕಾಮಿಕ್ಸ್ 112. ಅದರಲ್ಲಿ ಇಂದ್ರಜಾಲ 61, ಅಮರ ಚಿತ್ರ ಕಥೆ 33, ಉಳಿದವು ಬೇರೆ ಬೇರೆ. ಚಂದಮಾಮ 44. ಹೊಲಿದ ಕಟ್ಟು 9. ಸುಮಾರು ಮೂವತ್ತಕ್ಕೆ ರಕ್ಷಾಪುಟವಿಲ್ಲ. ಪಿನ್ನುಗಳೆಲ್ಲ ತುಕ್ಕು ಹಿಡಿದು, ನಡುಪುಟದಲ್ಲಿ ಎರಡೆರಡು ಕಂದು ಕಲೆ ಬಿದ್ದಿವೆ. ಕಟ್ಟುಗಳ ಕೊನೆಯ ಖಾಲಿ ಹಾಳೆಯಲ್ಲಿ ಏನೋ ಲೆಕ್ಕವಿದೆ, ಅರ್ಥವಾಗಲಿಲ್ಲ. (ಚಿತ್ರ)

ಗೌರತ್ತೆ, 10.52
ಅಪ್ಪನ ಅಕ್ಷರ. ಅಡಿಕೆ ಸುಲಿದವರ ಲೆಕ್ಕ ಅದು. ಯಾರು ಎಷ್ಟು ಡಬ್ಬ ಸುಲಿದರು ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಕಡ್ಡಿ ಎಳೆದು ಐದಕ್ಕೊಂದು ಅಡ್ಡಗೀಟು.

ರಘು ಅಣ್ಣ, 11.05
ಗೀಟು ಹಾಕಿದ್ದರೆ, ಹೆಸರು ಬರೆದಿದ್ದರೆ ಬೆಲೆ ಕಡಿಮೆಯಾಗುತ್ತದೆ. ಆದರೂ ಕನ್ನಡದ ಸಂಚಿಕೆಗಳು ಸಿಗುವುದೇ ಕಷ್ಟ. ಓದಿ ಓದಿ ಹರಿದವರೇ ಎಲ್ಲರೂ, ಇಟ್ಟವರು ಕಡಿಮೆ. ಅದೇ ನಮಗೆ ಅನುಕೂಲ. ಇನ್ನೊಂದು ವಿಷಯ, ಅಮರ ಚಿತ್ರ ಕಥೆಯ ಮೊದಲ ಸಂಚಿಕೆ ಇದೆಯೇ ನೋಡು ಅನು. 1967ರಲ್ಲಿ ಅನಂತ ಪೈ ಅವರು ದೆಹಲಿಯ ದೂರದರ್ಶನದಲ್ಲಿ ರಸಪ್ರಶ್ನೆ ನೋಡಿದರಂತೆ. ಗ್ರೀಕ್ ದೇವತೆಗಳ ಬಗ್ಗೆ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲವಂತೆ. ಅಲ್ಲಿಂದಲೇ ಮಾಲೆ ಹುಟ್ಟಿತು. ಅವರು ನಮ್ಮ ಕಾರ್ಕಳದವರು.

ನಾನು, 11.20
ರಘು ಅಣ್ಣ, ರಸಪ್ರಶ್ನೆಯ ಕಥೆ ಸರಿ, ಕಾರ್ಕಳವೂ ಸರಿ. ಆದರೆ ಅದಕ್ಕಿಂತ ಹಿಂದಿನ ಅಧ್ಯಾಯ ಕನ್ನಡದ್ದು, ಅದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಇಂಗ್ಲಿಷಿನ ಮಾಲೆ ಕೃಷ್ಣನ ಕಥೆಯಿಂದ ಶುರುವಾಗುತ್ತದೆ, ಅದರ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ ಹೋದವು? 1965ರಲ್ಲಿ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಇದೇ ಹೆಸರಿನಲ್ಲಿ ಕನ್ನಡದಲ್ಲಿ ಪುಸ್ತಕಗಳು ಬಂದವು. ಪಾಶ್ಚಾತ್ಯ ಕಿನ್ನರಕಥೆಗಳ ಅನುವಾದ ಅವು. ಚೆನ್ನಾಗಿ ಮಾರಾಟವಾದದ್ದರಿಂದಲೇ ಮುಂಬಯಿಯ ಪ್ರಕಾಶಕರಿಗೆ ಧೈರ್ಯ ಬಂದದ್ದು. ಆಮೇಲೆ ಅನಂತ ಪೈ ಅವರು ಬಂದು ಪುರಾಣ, ಇತಿಹಾಸದ ಕಡೆ ತಿರುಗಿಸಿದರು. ಅವರ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಶವೆಲ್ಲ ಓದಿದ ಮಾಲೆ ಮೊದಲು ಮಾತಾಡಿದ್ದು ಕನ್ನಡದಲ್ಲಿ. ಹೊಸ ಕೆಲಸದ ಸಂದರ್ಶನದಲ್ಲಿಯೂ ಇದನ್ನೇ ಹೇಳಿದೆ.

ದೊಡ್ಡಪ್ಪ, 11.24
ನಮ್ಮ ಶಾಲೆಯ ಮೇಷ್ಟರ ಮನೆಯಲ್ಲಿ ಅಂಥದೊಂದನ್ನು ನೋಡಿದ ನೆನಪು ನನಗಿದೆ. ಹುರುಳಿ ಬಳ್ಳಿ ಆಕಾಶಕ್ಕೆ ಏರುವ ಕಥೆ. ಟ್ರಂಕಿನಲ್ಲಿ ಇರಲಾರದು.

ಅನು, 11.30
ಹುಡುಕಿದೆ. ಇಲ್ಲ.

ರಘು ಅಣ್ಣ, 11.41
ಸಂದರ್ಶನದ ಮಾತು ಬಂದಿತಲ್ಲ, ಹೇಳಿಬಿಡುತ್ತೇನೆ. ವೀಣಾ, ನಿನಗೆ ಬೇಸರವಾದರೂ ಪರವಾಗಿಲ್ಲ. ಒಂಬತ್ತು ವರ್ಷ ಕಟ್ಟಿಕೊಂಡ ಸಾಫ್ಟ್‌ವೇರ್ ಕೆಲಸವನ್ನು ಬಿಟ್ಟು ಹದಿನಾಲ್ಕು ಜನರಿರುವ ಮಕ್ಕಳ ಪುಸ್ತಕದ ಪ್ರಕಾಶನಕ್ಕೆ ಸೇರುತ್ತಿದ್ದೀಯೆ. ಸಂಬಳ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಚಿಕ್ಕಮ್ಮನ ಆರೋಗ್ಯ ವಿಮೆ ನಿನ್ನ ಕಚೇರಿಯದು, ಅದು ಶುಕ್ರವಾರಕ್ಕೆ ಮುಗಿಯಿತು. ಕಾಮಿಕ್ಸ್ ಪ್ರೀತಿ ಸಂಜೆಯ ಹೊತ್ತಿಗೆ ಇಟ್ಟುಕೊಳ್ಳುವಂಥದು. ಅದನ್ನೇ ಅನ್ನ ಮಾಡಿಕೊಳ್ಳಲು ಹೊರಟರೆ ಅನ್ನವೂ ಹೋಗುತ್ತದೆ, ಪ್ರೀತಿಯೂ ಹೋಗುತ್ತದೆ. ಈ ಟ್ರಂಕಿನ ವಿಷಯದಲ್ಲಿಯೂ ನಿನ್ನದು ಅದೇ ಭಾವುಕತೆ.

ಅಮ್ಮ, 11.43
ರಘು, ನನ್ನ ವಿಮೆಯ ಚಿಂತೆ ನಿನಗೆ ಬೇಡ ಮಗನೇ.

ನಾನು, 11.58
ಅಣ್ಣ, ವಿಮೆಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಮೊದಲು ಉತ್ತರಿಸುತ್ತೇನೆ. ಗುಂಪು ವಿಮೆ ನಿಲ್ಲುತ್ತದೆಂದು ಮೂರು ತಿಂಗಳ ನೋಟಿಸ್ ಅವಧಿಯ ಮೊದಲ ವಾರದಲ್ಲಿಯೇ ತಿಳಿದುಕೊಂಡೆ. ಅಮ್ಮನ ಹೆಸರಿನಲ್ಲಿ ಬೇರೆ ಪಾಲಿಸಿ ಮಾಡಿಸಿ ಕಂತು ಕಟ್ಟಿ ಆಗಿದೆ. ದುಬಾರಿ, ನಿಜ. ಅದಕ್ಕೆಂದೇ ಚಿಕ್ಕ ಮನೆ ಹಿಡಿದದ್ದು.

ಇನ್ನು ಭಾವುಕತೆ. ಕೊನೆಯ ಎರಡು ವರ್ಷ ನಾನು ರಾತ್ರಿ ಪಾಳಿಯಲ್ಲಿ ಕುಳಿತು ಯಾರೋ ಬರೆದ ತಂತ್ರಾಂಶದ ತಪ್ಪು ಹುಡುಕುತ್ತಿದ್ದೆ. ಕೆಲಸ ಕೆಟ್ಟದ್ದಲ್ಲ. ಅದರ ಹಣದಿಂದಲೇ ಅಪ್ಪನ ಚಿಕಿತ್ಸೆ ನಡೆಯಿತು, ಅದನ್ನು ಮರೆಯುವುದಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಮನೆಗೆ ಬಂದು ಒಂದು ಪುಟ ಓದಲು ಕುಳಿತರೆ ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ತಲೆಗೆ ಏನೂ ಇಳಿಯುತ್ತಿರಲಿಲ್ಲ. ನೀನು ಹೇಳುವ ಸಂಜೆ ನನಗೆ ಇರಲೇ ಇಲ್ಲ.

ದೊಡ್ಡಪ್ಪ, 12.05
ವೀಣಾ, ನೀನು ಸೇರಿದ ದಿನಾಂಕ ಯಾವುದು? ಗ್ರಾಚ್ಯುಟಿ ಅರ್ಜಿ ಕೊಟ್ಟೆಯಾ?

ನಾನು, 12.07
ಒಂಬತ್ತು ವರ್ಷ ಏಳು ತಿಂಗಳಾಗಿತ್ತು ದೊಡ್ಡಪ್ಪ. ಅರ್ಜಿ ಇನ್ನೂ ಕೊಟ್ಟಿಲ್ಲ.

ದೊಡ್ಡಪ್ಪ, 12.15
ಕೊಡು. ಆರು ತಿಂಗಳು ದಾಟಿರುವುದರಿಂದ ಅದನ್ನು ಹತ್ತು ವರ್ಷ ಎಂದು ಹಿಡಿಯಬೇಕು. ಅವರು ಒಂಬತ್ತು ಎಂದು ಲೆಕ್ಕ ಹಾಕಿದರೆ ಒಪ್ಪಬೇಡ. ಕೊನೆಯ ತಿಂಗಳ ಮೂಲವೇತನಕ್ಕೆ ತುಟ್ಟಿಭತ್ಯೆ ಇದ್ದರೆ ಸೇರಿಸು, 26ರಿಂದ ಭಾಗಿಸು, 15ರಿಂದ ಗುಣಿಸು, ಆಮೇಲೆ ಹತ್ತರಿಂದ ಗುಣಿಸು. ಮೂವತ್ತು ದಿನದೊಳಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಭವಿಷ್ಯನಿಧಿಯನ್ನು ತೆಗೆಯಬೇಡ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯವಲ್ಲ, ಹಾಗಾಗಿ ಹೊಸ ಕಡೆ ಖಾತೆ ಇರಲಾರದು. ಹಳೆಯದು ಇದ್ದಲ್ಲಿಯೇ ಇರಲಿ. ನೀನು ಕೆಲಸ ಬಿಟ್ಟದ್ದು ನನಗೂ ಸರಿ ಕಂಡಿಲ್ಲ. ಆದರೆ ಬಿಟ್ಟಾಯಿತು. ಬರಬೇಕಾದದ್ದರಲ್ಲಿ ಒಂದು ರೂಪಾಯಿಯನ್ನೂ ಬಿಡಬೇಡ.

ನಾನು, 12.17
ಆಗಲಿ ದೊಡ್ಡಪ್ಪ. ನಾಳೆಯೇ ಕಳಿಸುತ್ತೇನೆ.

ಚಿಕ್ಕಪ್ಪ, 12.20
ಟ್ರಂಕಿನ ವಿಷಯ?

ರಘು ಅಣ್ಣ, 12.26
ಯಾರಿಗೂ ಮಾರುವ ಮನಸ್ಸಿಲ್ಲದಿದ್ದರೆ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಗುಂಪಿಗೆ ಹಾಕೋಣ, ಎಲ್ಲರ ಮೊಬೈಲಿನಲ್ಲಿಯೂ ಇರುತ್ತದೆ. ಕಾಗದವನ್ನು ಕೊಟ್ಟುಬಿಡೋಣ.

ನಾನು, 12.29
ಮೊಬೈಲಿಗೆ ಬಂದದ್ದು ಅಲ್ಲಿಂದ ಊರೆಲ್ಲ ಸುತ್ತುತ್ತದೆ. ಚಿತ್ರ ಬರೆದವರ, ಪ್ರಕಾಶಕರ ಹಕ್ಕು ಅದು. ಇನ್ನು ಮುಂದೆ ಅದೇ ಹಕ್ಕನ್ನು ಕಾಯುವ ಕೆಲಸ ನನ್ನದು, ಆ ಮಾತು ಬೇಡ ಅಣ್ಣ.

ಗೌರತ್ತೆ, 12.40
ನಾನು ಒಂದು ಮಾತು ಕೇಳುತ್ತೇನೆ. ಮಾರುವವರೂ ಇಟ್ಟುಕೊಳ್ಳುವವರೂ ಅದನ್ನು ಆಸ್ತಿಯಂತೆ ನೋಡುತ್ತಿದ್ದೀರಿ. ನಾನೂ ಬೆಳಿಗ್ಗೆ ಹಾಗೆಯೇ ಮಾತಾಡಿದೆ. ಆ ಲೆಕ್ಕದ ಹಾಳೆಯ ಚಿತ್ರ ನೋಡಿದ ಮೇಲೆ ಬೇರೆಯೇ ನೆನಪಾಗುತ್ತಿದೆ. ವೀಣಾ, ನೀನೂ ಸುಲಿಯುವ ಚಪ್ಪರದಲ್ಲಿ ಓದಿದವಳಲ್ಲವೇ?

ನಾನು, 1.10
ಹೌದು ಅತ್ತೆ. ಬಹುಶಃ ಕೊನೆಯವಳು ನಾನೇ.

ರಘು ಅಣ್ಣನಿಗೆ, ಅನುವಿಗೆ ಗೊತ್ತಿರಲಾರದು, ಹೇಳುತ್ತೇನೆ. ಅಡಿಕೆ ಸುಲಿಯುವ ಕಾಲಕ್ಕೆ ರಾತ್ರಿ ಚಪ್ಪರದಲ್ಲಿ ಹದಿನೈದು ಇಪ್ಪತ್ತು ಜನ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಿದ್ದರು. ನಿದ್ದೆ ಬಾರದಿರಲೆಂದು ಅಜ್ಜ ಮನೆಯ ಮಕ್ಕಳಲ್ಲಿ ಒಬ್ಬರನ್ನು ಅಡಿಕೆ ಚೀಲದ ಮೇಲೆ ಕೂರಿಸಿ ಈ ಕಟ್ಟುಗಳನ್ನು ಓದಿಸುತ್ತಿದ್ದರು. ಅತ್ತೆಯ ಕಾಲದಲ್ಲಿ ಲಾಟೀನು. ನನ್ನ ಕಾಲಕ್ಕೆ ಒಂದು ಬಲ್ಬು ಬಂದಿತ್ತು. ಚಿತ್ರಕಥೆಯಲ್ಲಿ ಓದಲು ಇರುವುದು ಎಷ್ಟು? ಒಂದು ಚೌಕಕ್ಕೆ ಒಂದೂವರೆ ಸಾಲು. ಉಳಿದದ್ದು ಚಿತ್ರ. ಸುಲಿಯುವವರಿಗೆ ಚಿತ್ರ ಕಾಣುವುದಿಲ್ಲ, ಅವರ ಕಣ್ಣು ಕತ್ತಿಯ ಮೇಲೆ, ಎತ್ತಿದರೆ ಬೆರಳು ಹೋಗುತ್ತದೆ. ಹಾಗಾಗಿ ಚಿತ್ರವನ್ನು ನಾನು ಹೇಳಬೇಕಿತ್ತು. ‘ಕಾಡು. ಕತ್ತಲೆ. ಮರದ ಹಿಂದೆ ಇಬ್ಬರು. ಒಬ್ಬನ ಕೈಯಲ್ಲಿ ಪಂಜು.’ ಹೀಗೆ. ನಾನು ಒಂದು ಚೌಕ ಹಾರಿಸಿದರೆ ಸೀತಕ್ಕ ತಲೆ ಎತ್ತದೆಯೇ ಹಿಡಿಯುತ್ತಿದ್ದಳು. ‘ಆ ಪಂಜು ಈಗ ಎಲ್ಲಿ ಹೋಯಿತು ಕೂಸೇ?’ ಎಂದು ಕೇಳುತ್ತಿದ್ದಳು. ಹಿಂದಕ್ಕೆ ತಿರುಗಿಸಿ ನೋಡಿದರೆ ನಿಜ, ಪಂಜನ್ನು ನೀರಿಗೆ ಎಸೆದ ಚೌಕವನ್ನು ನಾನು ಬಿಟ್ಟಿರುತ್ತಿದ್ದೆ.

ಸೀತಕ್ಕನಿಗೆ ಓದಲು ಬರುತ್ತಿರಲಿಲ್ಲ. ಆದರೆ ಕಥೆ ಎಲ್ಲಿ ಹರಿದಿದೆ ಎಂದು ಅವಳಷ್ಟು ಚೆನ್ನಾಗಿ ಹೇಳಿದವರನ್ನು ನಾನು ಆಮೇಲೆ ನೋಡಿಲ್ಲ. ಹೊಸ ಕೆಲಸದಲ್ಲಿ ನಾನು ಮಾಡಬೇಕಾದದ್ದು ಇದೇ ಅಣ್ಣ. ಚಿತ್ರಕಾರರು ಕಳಿಸಿದ ಹಾಳೆಗಳನ್ನು ಎದುರಿಗೆ ಇಟ್ಟುಕೊಂಡು, ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ಪಂಜು ಕಳೆದುಹೋಗಿದೆಯೇ ಎಂದು ನೋಡುವುದು. ಮಾತು ಚಿತ್ರದಲ್ಲಿ ಇರುವುದನ್ನೇ ಮತ್ತೆ ಹೇಳುತ್ತಿದ್ದರೆ ತೆಗೆಯುವುದು. ಕನ್ನಡ ಕನ್ನಡದಂತೆ ಕೇಳುತ್ತದೆಯೇ ಎಂದು ಗಟ್ಟಿಯಾಗಿ ಓದುವುದು.

ಈ ಟ್ರಂಕು ದೊಡ್ಡಪ್ಪನದು, ಒಳಗಿನ ಕಾಗದ ಅತ್ತೆಯದು, ಹೊಲಿಗೆ ಅಜ್ಜನದು. ಆದರೆ ಆ ಕೊನೆಯ ಹಾಳೆಯಲ್ಲಿ ಅಜ್ಜ ಬರೆದಿಟ್ಟ ಹೆಸರುಗಳಿವೆಯಲ್ಲ, ಅವರ ಪಾಲೂ ಇದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿ ಯಾರೋ ಒಬ್ಬರ ಕಪಾಟಿಗೆ ಕಳಿಸಲು ನನಗೆ ಮನಸ್ಸಿಲ್ಲ.

ರಘು ಅಣ್ಣ, 1.22
ನನಗೆ ಇದು ಗೊತ್ತಿರಲಿಲ್ಲ. ನಾವು ಬೇಸಿಗೆ ರಜೆಗೆ ಮಾತ್ರ ಬರುತ್ತಿದ್ದೆವು.

ರಘು ಅಣ್ಣ, 1.24
ಆದರೂ ಪ್ರಶ್ನೆ ಉಳಿಯುತ್ತದೆ. ಮಾರುವುದೂ ಬೇಡ, ಅಟ್ಟವೂ ಬೇಡ ಎಂದರೆ ಎಲ್ಲಿ?

ನಾನು, 1.30
ನಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡೋಣ. ಮೊದಲು ಗ್ರಂಥಾಲಯವೆಂದು ಬೀಗ ಹಾಕಿಕೊಂಡೇ ಇರುತ್ತಿದ್ದ ಕೋಣೆ ಅದು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ಕಳೆದ ಯುಗಾದಿಗೆ ಬಂದಾಗ ಹೋಗಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಬೇಕಾದಷ್ಟಿವೆ. ಮಕ್ಕಳ ಕಪಾಟಿನ ಮುಂದೆ ನಾಲ್ಕು ಹುಡುಗರು ಒಂದೇ ಪುಸ್ತಕವನ್ನು ಬಗ್ಗಿ ನೋಡುತ್ತಿದ್ದರು, ಏಕೆಂದರೆ ಬಣ್ಣದ ಚಿತ್ರವಿರುವುದು ಅದೊಂದರಲ್ಲಿಯೇ.

ಚಿಕ್ಕಪ್ಪ, 1.34
ಒಂದು ತಿಂಗಳಲ್ಲಿ ಹರಿದುಹಾಕುತ್ತಾರೆ.

ಗೌರತ್ತೆ, 1.35
ಹರಿಯಲಿ. ನಾನು ಮೂವತ್ತು ವರ್ಷ ಪಾಠ ಹೇಳಿದವಳು. ಹರಿಯದೆ ಉಳಿದ ಪುಸ್ತಕಗಳನ್ನು ಶಾಲೆಯ ಬೀರುವಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ದೊಡ್ಡಪ್ಪ, 1.50
ನಾನು ಒಪ್ಪುವುದಿಲ್ಲ. ಎಲ್ಲವನ್ನೂ ಕೊಡುವುದೆಂದರೆ ಅಪ್ಪನ ಕೈಬರಹವನ್ನೂ ಕೊಟ್ಟಂತೆ. ಆ ಒಂಬತ್ತು ಕಟ್ಟು ಮನೆಯಿಂದ ಹೊರಗೆ ಹೋಗಕೂಡದು. ಇಂಥ ಹೊಲಿಗೆ ಹಾಕುವವರು ಈಗ ಯಾರಿದ್ದಾರೆ?

ನಾನು, 1.53
ಅದಕ್ಕೆ ನನ್ನ ಒಪ್ಪಿಗೆಯಿದೆ ದೊಡ್ಡಪ್ಪ. ಕಟ್ಟುಗಳು ಮನೆಯಲ್ಲಿರಲಿ. ಬಿಡಿ ಸಂಚಿಕೆಗಳಲ್ಲಿ ರಕ್ಷಾಪುಟವಿದ್ದು ಗಟ್ಟಿಯಾಗಿರುವವನ್ನು ಕೊಡೋಣ. ಪಿನ್ನು ತೆಗೆದು ದಾರ ಹಾಕಿಕೊಡುತ್ತೇನೆ, ತುಕ್ಕು ಹಾಳೆಯನ್ನು ತಿನ್ನುವುದು ನಿಲ್ಲುತ್ತದೆ. ಮೈಸೂರಿಗೆ ಹೋಗುವ ಮೊದಲು ಐದು ದಿನ ಬಿಡುವಿದೆ. ಬುಧವಾರ ಮನೆಗೆ ಬರುತ್ತೇನೆ.

ರಘು ಅಣ್ಣ, 2.05
ಸರಿ. ಆದರೆ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ವರ್ಷ ನೋಡು. ಹಣ ಸಾಲದಿದ್ದರೆ ಸಂಕೋಚ ಪಡದೆ ವಾಪಸು ಬಾ, ಕೆಲಸ ಹುಡುಕಲು ನಾನಿದ್ದೇನೆ. ಹೊದಿಕೆಗಳನ್ನು ನಾನು ಕಳಿಸುತ್ತೇನೆ. ಮಾರುವುದಕ್ಕಲ್ಲ, ಆ ಒಂಬತ್ತು ಕಟ್ಟುಗಳಿಗೆ.

ನಾನು, 2.08
ಪ್ಲಾಸ್ಟಿಕ್ ಬೇಡ ಅಣ್ಣ, ಮಲೆನಾಡಿನ ತೇವಕ್ಕೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇವಿನ ಎಲೆ ಇಡೋಣ. ನೀನು ದೀಪಾವಳಿಗೆ ಬಾ. ಸುಲಿಯುವ ಕೆಲಸವನ್ನು ಈಗ ಯಂತ್ರ ಮಾಡುತ್ತದೆ, ಆದರೆ ಚಪ್ಪರ ಇನ್ನೂ ಇದೆ. ಒಂದು ಕಟ್ಟನ್ನು ಓದಿ ತೋರಿಸುತ್ತೇನೆ.

ಗೌರತ್ತೆ, 2.11
ಓದುವವಳು ನಾನು. ನೀನು ಚೌಕ ಹಾರಿಸುತ್ತೀಯೆ.

ಚಿಕ್ಕಪ್ಪ, 2.15
ಪೇಪರಿನವನಿಗೆ ಬರಬೇಡ ಎಂದು ಫೋನ್ ಮಾಡಿದ್ದೇನೆ. ತುಕ್ಕು ಹಿಡಿದ ತಳ ಕಿತ್ತು ಹೊಸ ತಗಡು ಹಾಕಿಸುತ್ತೇನೆ. ವೀಣಾ, ನಿನ್ನ ಹದಿನೇಳು ಡಬ್ಬವನ್ನೂ ಕಳಿಸು, ಮೆತ್ತಿನ ಮೇಲೆ ಜಾಗವಿದೆ.

ಅಮ್ಮ, 5.40
ಜಗಲಿಯಲ್ಲಿ ಹರಡಿದ್ದೆಲ್ಲವನ್ನೂ ಒಳಗೆ ತಂದಿಟ್ಟೆ. ಬಿಡಿ ಕಾಮಿಕ್ಸ್ ಈಗ 110 ಇದೆ. ಹಾಲಿಗೆ ಬಂದ ಆಚೆ ಮನೆಯ ಹುಡುಗ ತಂಬಿಗೆ ಕೆಳಗಿಟ್ಟು ಅರ್ಧ ಗಂಟೆ ಕುಳಿತಲ್ಲಿಂದ ಏಳಲಿಲ್ಲ. ಕತ್ತಲಾಗುತ್ತದೆ ಎಂದಿದ್ದಕ್ಕೆ ಎರಡನ್ನು ಮನೆಗೆ ಕೇಳಿದ, ಕೊಟ್ಟೆ. ಯಾವುವು ಎಂದು ಕ್ಯಾಲೆಂಡರಿನ ಮೇಲೆ ಬರೆದುಕೊಂಡಿದ್ದೇನೆ. ನಾಳೆ ಹಾಲಿಗೆ ಬರುವಾಗ ತರುತ್ತಾನಂತೆ.